ಬೇಲಿಯ ಚೆಲುವೆ ಲಂಟಾನ



ವೇತಾಳ ಟೇಕಡಿ ಹತ್ತುವಾಗ ಹಳದಿ-ಗುಲಾಬಿ ಹೂಗೊಂಚಲಿನ ಮುಳ್ಳುಪೊದೆ ನೋಡಿರುತ್ತೀರಿ. ಅದೇ ಲಂಟಾನ, ಮರಾಠಿಯಲ್ಲಿ ಘಾಣೇರಿ. ಎಲೆ ಉಜ್ಜಿ ಮೂಸಿದರೆ ಆ ಹೆಸರೇಕೆಂದು ತಿಳಿಯುತ್ತದೆ! 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಲಂಕಾರಕ್ಕೆಂದು ಕಲ್ಕತ್ತೆಗೆ ತಂದ ಅಮೆರಿಕ ಮೂಲದ ಗಿಡವಿದು.

ಹೊರಗಿನದೆಂದು ಅದನ್ನು ದೂರುವುದು ಬೇಡ. ನಮ್ಮ ಸಾರಿನ ಮೆಣಸಿನಕಾಯಿ, ಟೊಮೆಟೊ ಕೂಡ ಅಮೆರಿಕದವೇ. ಪುಣೆಗೆ ನಾವೂ ಹೊರಗಿನಿಂದ ಬಂದವರೇ. ಆದರೆ ಲಂಟಾನ ತನ್ನ ಸುತ್ತ ಹುಲ್ಲನ್ನೂ ಎಳೆಸಸಿಗಳನ್ನೂ ಬೆಳೆಯಗೊಡದು. ಎಲೆ ತಿಂದ ದನಗಳಿಗೆ ವಿಷ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಡೆ ಹರಡುತ್ತವೆ.

ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಮಳೆಗೆ ಮಣ್ಣು ಮೆತ್ತಗಾದಾಗ ಬುಡಸಮೇತ ಕಿತ್ತು, ಬೇರು ಮೇಲೆ ಮಾಡಿ ಒಣಗಿಸಬೇಕು. ಆ ಜಾಗದಲ್ಲಿ ಸ್ಥಳೀಯ ಸಸಿ ನೆಟ್ಟು, ಮುಂದಿನ ಮಳೆಗಾಲದಲ್ಲೂ ಮೊಳಕೆಗಳನ್ನು ಹುಡುಕಿ ಕೀಳಬೇಕು. ನಮ್ಮ ಮಲೆಮಹದೇಶ್ವರ ಬೆಟ್ಟದ ಸೋಲಿಗರು ಇದೇ ಕಡ್ಡಿಗಳಿಂದ ಕುರ್ಚಿ, ಮೇಜು ಮಾಡಿ ಸಂಪಾದಿಸುತ್ತಾರೆ.

ಟೇಕಡಿಯಲ್ಲಿ ಕೀಳಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ನಮ್ಮ ಸೊಸೈಟಿಯ ಬೇಲಿಗೆ ಯಾರ ಅಡ್ಡಿ? ಈ ಮಳೆಗಾಲ ಅಲ್ಲಿಂದಲೇ ಶುರು ಮಾಡೋಣ. ನರ್ಸರಿಯಲ್ಲಿ ಹೂವಿನ ಚಂದಕ್ಕೆ ಮನಸೋತಾಗ, ಕೊಳ್ಳುವ ಮುನ್ನ ಗಿಡದ ಹೆಸರನ್ನೊಮ್ಮೆ ಕೇಳೋಣ.