ಆಂಪ್ಲಿಫಯರ್ ಗುಂಯ್‌ಗುಡುವುದೇಕೆ?

(ಶಾಲೆಯ ವಿಜ್ಞಾನ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ವಿಜ್ಞಾನದ ಯಾವುದಾದರೊಂದು ದೊಡ್ಡ ವಿಷಯವನ್ನು ಕುರಿತು ಮಾತನಾಡಬೇಕೆಂದು ಸಂಘದವರು ಅಪೇಕ್ಷಿಸಿದ್ದರು. ದೊಡ್ಡ ವಿಷಯಗಳನ್ನು ತಿಳಿಸಲು ನಿಮ್ಮ ಅಧ್ಯಾಪಕರಿದ್ದಾರೆ. ನಾವು ಹೇಳಹೊರಟಿರುವುದು ಮನೆಯ ಆಂಪ್ಲಿಫಯರಿನೊಳಗೆ ಅವಿತಿರುವ ಎರಡು ಪುಟ್ಟ ಡಬ್ಬಿಗಳ ಸಂಗತಿಯನ್ನು.

ನಮ್ಮ ತೀರ್ಥರೂಪರಿಗೆ ಸಂಜೆ ತಾಳಮದ್ದಳೆಯ ಕ್ಯಾಸೆಟ್ಟನ್ನು ಕೇಳದೆ ಊಟ ರುಚಿಸುತ್ತಿರಲಿಲ್ಲ. ಅದಕ್ಕಾಗಿ 1988ರಲ್ಲಿ ಕೊಂಡ ಆಂಪ್ಲಿಫಯರೊಂದು ಮನೆಯಲ್ಲಿದ್ದಿತು. 2009ರ ಮಳೆಗಾಲದಲ್ಲಿ ಅದು ಗುಂಯ್‌ಗುಡತೊಡಗಿತು. “ಮಗಾ, ಭಾಗವತರ ಬೆನ್ನಿಗೆ ಜೇನು ಎದ್ದ ಹಾಗಿದೆಯಲ್ಲ! ಅರ್ಥ ಹೇಳುವವರ ಮಾತೇ ತಿಳಿಯುವುದಿಲ್ಲ” ಎಂದರು. ಅಂಗಡಿಯವರು ಹೊಸತನ್ನೇ ಕೊಳ್ಳಿರೆಂದರು. ಭೌತಶಾಸ್ತ್ರ ಓದಿದವರೆಂಬ ಹಮ್ಮು ನಮಗಿದ್ದಿತು, ಮುಚ್ಚಳ ಬಿಚ್ಚಿಯೇಬಿಟ್ಟೆವು.

ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಂತೆ ಹಿಂದುಮುಂದಾಗಿ ಹರಿಯುವಂಥದು. ಟ್ರಾನ್ಸ್‌ಫಾರ್ಮರು ಅದನ್ನು ತಗ್ಗಿಸುತ್ತದೆ, ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಆದರೂ ಅದು ಸಮನಾದ ಹರಿವಲ್ಲ. ಸೆಕೆಂಡಿಗೆ ನೂರು ಸಲ ಏರಿಳಿಯುವ ಅಲೆ. ಏತದಿಂದ ನೀರೆತ್ತಿ ತೋಟಕ್ಕೆ ಬಿಡುತ್ತಿದ್ದುದನ್ನು ಇಲ್ಲಿರುವ ಹಿರಿಯರು ಕಂಡಿರಬಹುದು. ನೀರು ಬರುವುದು ಮೊಗೆಮೊಗೆಯಾಗಿ. ನಡುವೆ ತೊಟ್ಟಿಯೊಂದಿದ್ದರೆ ಅದರ ತೂಬಿನಿಂದ ಧಾರೆ ಎಡೆಬಿಡದೆ ಹರಿಯುವುದು. ಆಂಪ್ಲಿಫಯರಿನಲ್ಲಿ ಆ ತೊಟ್ಟಿಯ ಕೆಲಸ ಮಾಡುವುದೇ ಧಾರಕ, ಎಂದರೆ ಕೆಪಾಸಿಟರ್. ಹಳೆಯ ರಿಪೇರಿಗಾರರು ಕಂಡೆನ್ಸರ್ ಎನ್ನುವುದೂ ಇದನ್ನೇ.

ತೊಟ್ಟಿಯಲ್ಲಿ ಹೂಳು ತುಂಬಿದರೆ ಏನಾಗುವುದು? ಏತ ಮೇಲೆ ಬರುವಷ್ಟರಲ್ಲಿ ಧಾರೆ ಸೊರಗುವುದು. ಕೆಪಾಸಿಟರಿನ ಕಥೆಯೂ ಹಾಗೆಯೇ. ಅದರೊಳಗೆ ಎರಡು ಅಲ್ಯುಮಿನಿಯಂ ಹಾಳೆಗಳೂ ನಡುವೆ ದ್ರವದಲ್ಲಿ ನೆನೆದ ಕಾಗದವೂ ಸುರುಳಿಯಾಗಿ ಸುತ್ತಿರುತ್ತವೆ. ವರ್ಷಗಳುರುಳಿದಂತೆ ಆ ದ್ರವ ಆರುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ ಆರುವುದು. ಹತ್ತು ಡಿಗ್ರಿ ತಂಪಾಗಿಟ್ಟರೆ ಆಯುಷ್ಯ ಸುಮಾರು ಇಮ್ಮಡಿಯಾಗುವುದೆಂದು ಲೆಕ್ಕ. ಆಂಪ್ಲಿಫಯರಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿ ಗಾಳಿಕಂಡಿಗಳನ್ನು ಮುಚ್ಚುವ ತಾಯಂದಿರು ಇದನ್ನು ಗಮನಿಸಬೇಕು. ನಮ್ಮ ಮನೆಯಲ್ಲೂ ಹೊದಿಸಿದ್ದರು!

ಗುಂಯ್‌ಗುಡುವ ಪ್ರತಿಯೊಂದು ಪೆಟ್ಟಿಗೆಗೂ ಇದೇ ರೋಗವೆಂದು ತಿಳಿಯಬಾರದು. ವಾಲ್ಯೂಮನ್ನು ಪೂರ್ತಿ ತಗ್ಗಿಸಿದರೆ ಸದ್ದೂ ಅಡಗುವುದಾದರೆ, ಮೊದಲು ಕ್ಯಾಸೆಟ್ ಯಂತ್ರದಿಂದ ಬರುವ ತಂತಿಯನ್ನು ಪರೀಕ್ಷಿಸಬೇಕು. ತಗ್ಗಿಸಿದರೂ ಸದ್ದು ಹಾಗೆಯೇ ಉಳಿದರೆ ಸಂಶಯ ಕೆಪಾಸಿಟರಿನ ಮೇಲೆ. ನಮ್ಮಲ್ಲಿ ಹಾಗೆಯೇ ಉಳಿಯಿತು. ಎರಡರಲ್ಲೊಂದರ ನೆತ್ತಿ ಉಬ್ಬಿಯೂ ಇದ್ದಿತು. ಪ್ರತಿಯೊಂದರ ಮೇಲೆ 4,700 ಮೈಕ್ರೋಫ್ಯಾರಡ್, 50 ವೋಲ್ಟ್ ಎಂದು ಬರೆದಿದ್ದಿತು. ಅಷ್ಟೇ ಮೈಕ್ರೋಫ್ಯಾರಡಿನವನ್ನು ತಂದೆವು. ವೋಲ್ಟು ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆಯಿರಬಾರದು. 85 ಡಿಗ್ರಿಯದಕ್ಕಿಂತ 105 ಡಿಗ್ರಿ ತಾಳುವಂಥದು ಮೇಲು.

ಪ್ಲಗ್ಗನ್ನು ಕಿತ್ತ ಮೇಲೂ ಈ ತೊಟ್ಟಿಯಲ್ಲಿ ವಿದ್ಯುತ್ತು ನಿಂತಿರಬಹುದೆಂಬುದನ್ನು ಮರೆಯಬಾರದು. ಸ್ಕ್ರೂಡ್ರೈವರನ್ನು ಅಡ್ಡವಿಟ್ಟು ಕಿಡಿ ಹಾರಿಸುವವರಿದ್ದಾರೆ, ಅದು ಮೂರ್ಖತನ. ಸಾವಿರ ಓಮಿನ ರೆಸಿಸ್ಟರನ್ನು ನಿರೋಧಕ ಹಿಡಿಯುಳ್ಳ ತಂತಿಗಳಿಂದ ಒಂದೊಂದಕ್ಕೂ ಅರ್ಧ ನಿಮಿಷ ಜೋಡಿಸಿ, ಬಳಿಕ ಮಲ್ಟಿಮೀಟರಿನಿಂದ ಅಳೆದು ನೋಡಬೇಕು. ಇಷ್ಟನ್ನು ನಾವು ಸರಿಯಾಗಿಯೇ ಮಾಡಿದೆವು.

ಎಡವಿದ್ದು ಮುಂದೆ. ಕೆಪಾಸಿಟರಿಗೆ ಧನ, ಋಣ ಎಂದು ಎರಡು ಕಾಲುಗಳುಂಟು. ಋಣದ ಬದಿಗೆ ಪಟ್ಟೆಯ ಗುರುತು. ನಮ್ಮ ಆಂಪ್ಲಿಫಯರಿನಲ್ಲಿ ನಡುವೆ ಸೊನ್ನೆ ವೋಲ್ಟಿನ ತಂತಿ, ಅದರ ಒಂದು ಬದಿಗೆ ಧನ 35 ವೋಲ್ಟ್, ಇನ್ನೊಂದು ಬದಿಗೆ ಋಣ 35 ವೋಲ್ಟ್. ಹಾಗಾಗಿ ಮೊದಲನೆಯ ಕೆಪಾಸಿಟರಿನ ಋಣದ ಕಾಲು ಸೊನ್ನೆಗೆ ಸೇರಬೇಕು. ಎರಡನೆಯದರಲ್ಲಿ ಸೊನ್ನೆಗೆ ಸೇರಬೇಕಾದುದು ಧನದ ಕಾಲು. ಹಳೆಯವನ್ನು ಕೀಳುವ ಮುನ್ನ ಪುಸ್ತಕದಲ್ಲೊಂದು ಚಿತ್ರ ಬರೆದಿಟ್ಟುಕೊಂಡಿದ್ದರೆ ಸಾಕಿತ್ತು. ನಾವು ಬರೆಯಲಿಲ್ಲ. ಸೊನ್ನೆಯ ಕಡೆಗೆ ಎಂದೆಂದೂ ಋಣವೇ ಎಂದು ಭಾವಿಸಿ ಎರಡನ್ನೂ ಹಾಗೆಯೇ ಬೆಸೆದೆವು.

ಸ್ವಿಚ್ಚು ಒತ್ತಿ ಬಗ್ಗಿ ನೋಡುತ್ತಿದ್ದೆವು. ಅರ್ಧ ನಿಮಿಷವೂ ಕಳೆದಿರಲಿಲ್ಲ; ‘ಟಪ್’ ಎಂದು ಸಿಡಿಯಿತು! ಬಿಸಿದ್ರವವೂ ಕಾಗದದ ಚೂರುಗಳೂ ನಮ್ಮ ಕನ್ನಡಕಕ್ಕೆ ರಾಚಿದವು. ಕೋಣೆಯ ತುಂಬ ಕಮಟು ವಾಸನೆ. ತಿರುಗುಮುರುಗಾಗಿ ಜೋಡಿಸಿದಾಗ ಹಾಳೆಯ ಮೇಲಿನ ತೆಳುವಾದ ಆಕ್ಸೈಡ್ ಪೊರೆ ಕೆಟ್ಟು, ಒಳಗೆ ಅನಿಲ ಹುಟ್ಟಿ, ನೆತ್ತಿ ಒಡೆಯುವುದೆಂದು ನಾವು ಓದಿದ್ದೆವು. ಓದಿದ್ದರೂ ಆದುದು ಹೀಗೆ. ತೀರ್ಥರೂಪರು ಓಡಿಬಂದು ನಮ್ಮ ಮುಖವನ್ನೆತ್ತಿ ನೋಡಿ, “ಪೆಟ್ಟಿಗೆ ಹೋದರೆ ಹೋಗಲಿ ಮಗಾ, ಕಣ್ಣಿದೆಯೋ?” ಎಂದರು. ಅವರ ಕೈ ನಡುಗುತ್ತಿದ್ದಿತು. ಕನ್ನಡಕ ಧರಿಸುವ ಅಭ್ಯಾಸವಿರದಿದ್ದಲ್ಲಿ ನಾವಿಂದು ಈ ಭಾಷಣವನ್ನು ಬರೆದು ಓದುತ್ತಿರಲಿಲ್ಲವೇನೋ.

ವಾರ ಕಳೆದ ಮೇಲೆ ಬಲ್ಲ ಮಿತ್ರರೊಬ್ಬರನ್ನು ಕರೆದು ಕುಳ್ಳಿರಿಸಿಕೊಂಡೇ ಮತ್ತೊಮ್ಮೆ ಕೈಹಾಕಿದೆವು. ಅವರು ಸ್ಪೀಕರುಗಳನ್ನು ಬಿಚ್ಚಿಸಿ, ವಿದ್ಯುತ್ತಿನ ದಾರಿಯಲ್ಲಿ 60 ವಾಟಿನ ಹಳೆಯ ತಂತುಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿಕೊಟ್ಟರು. ಎಲ್‌ಇಡಿ ಬಲ್ಬು ಇದಕ್ಕೆ ಸಲ್ಲದು. ಸ್ವಿಚ್ಚು ಒತ್ತಿದೊಡನೆ ಬಲ್ಬು ಒಮ್ಮೆ ಬೆಳಗಿ ಮಂದವಾದರೆ ಸರಿ. ಬೆಳಗುತ್ತಲೇ ಇದ್ದರೆ ಒಳಗೆ ದೋಷವಿದೆಯೆಂದರ್ಥ. ನಮ್ಮದು ಮಂದವಾಯಿತು. ಸ್ಪೀಕರಿಗೆ ಹೋಗುವಲ್ಲಿ ನೇರ ವೋಲ್ಟು ಬಹುಮಟ್ಟಿಗೆ ಸೊನ್ನೆಯೆಂದು ಅಳೆದು ಖಚಿತಪಡಿಸಿಕೊಂಡ ಮೇಲೆಯೇ ಸ್ಪೀಕರು ಸೇರಿಸಿದೆವು. ಅಂದು ರಾತ್ರಿ ತೀರ್ಥರೂಪರು ಕೃಷ್ಣಸಂಧಾನವನ್ನು ಕೊನೆಯವರೆಗೆ ಕೇಳಿ ತಡವಾಗಿ ಊಟಕ್ಕೆ ಎದ್ದರು.

ರಕ್ಷಕರಲ್ಲಿ ಒಂದು ವಿನಂತಿ: ಮಕ್ಕಳು ಮುಚ್ಚಳ ಬಿಚ್ಚಲು ಹೊರಟರೆ ಗದರಬೇಡಿ, ಆದರೆ ಬಲ್ಲವರಿಲ್ಲದೆ ಬಿಚ್ಚಗೊಡಲೂ ಬೇಡಿ. ಕವಾಟದ ಹಳೆಯ ರೇಡಿಯೋಗಳಲ್ಲಿಯೂ ಹಳೆಯ ದೂರದರ್ಶನ ಪೆಟ್ಟಿಗೆಗಳಲ್ಲಿಯೂ ನೂರಾರು ವೋಲ್ಟು ನಿಂತಿರುವುದರಿಂದ ಅವುಗಳ ಗೊಡವೆ ಮಕ್ಕಳಿಗೆ ಸರ್ವಥಾ ಸಲ್ಲದು.

ಸಿಡಿದ ಆ ಕೆಪಾಸಿಟರನ್ನು ಈ ಮೇಜಿನ ಮೇಲಿಟ್ಟಿದ್ದೇವೆ, ಸುರುಳಿ ಬಿಚ್ಚಿಕೊಂಡಿದೆ. ಪಕ್ಕದಲ್ಲಿ ನಮ್ಮ ಕನ್ನಡಕವೂ ಇದೆ. ಸಭೆ ಮುಗಿದ ಬಳಿಕ ಸಾಲಾಗಿ ಬಂದು ನೋಡಬಹುದು.