ಕಚೇರಿಯ ಎಕ್ಸೆಲ್ ತರಗತಿಗೆ ಬರಲಿ



ಗಣಿತ ಕಲಿಸುವ ಗೆಳೆಯರ ಈ ಸಭೆಗೆ ಬರುವಾಗ ದಾರಿಯುದ್ದಕ್ಕೂ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕಂಪ್ಯೂಟರ್ ಕಂಡೆ. ನಮ್ಮ ಶಾಲೆಗಳಲ್ಲೂ ಕಂಪ್ಯೂಟರ್, ಅದರಲ್ಲಿ ಎಕ್ಸೆಲ್ ಇದೆ. ಆದರೆ ಅದು ಕಚೇರಿಯಲ್ಲಿದೆ, ಅಂಕಪಟ್ಟಿಗೆ, ಸಂಬಳದ ಬಿಲ್ಲಿಗೆ. ಗಣಿತದ ತರಗತಿಯ ಹೊಸ್ತಿಲು ದಾಟಿದ್ದು ಕಡಿಮೆ.

ತಮಾಷೆಯೆಂದರೆ ಎಕ್ಸೆಲ್‌ನಂಥ ಲೆಕ್ಕದ ಕೋಷ್ಟಕದ ಕಲ್ಪನೆ ಹೊಳೆದದ್ದೇ ಕರಿಹಲಗೆಯ ಎದುರು. 1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಹಲಗೆಯ ಮೇಲೆ ಒಂದು ಅಂಕಿ ತಿದ್ದಿದರೆ ಮುಂದಿನ ಸಾಲುಗಳನ್ನೆಲ್ಲ ಅಳಿಸಿ ಬರೆಯಬೇಕಾಗುವ ಪಾಡನ್ನು ನೋಡಿದ. ಮರುವರ್ಷ ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ತಂದ ವಿಸಿಕ್ಯಾಲ್ಕ್ ಎಂಬ ತಂತ್ರಾಂಶ ಆ ಪಾಡಿಗೆ ಸಿಕ್ಕ ಉತ್ತರ.

ಬೇಗ ಲೆಕ್ಕ ಮಾಡುವುದಕ್ಕಾದರೆ ಕ್ಯಾಲ್ಕುಲೇಟರ್ ಸಾಕು. ಕೋಷ್ಟಕದಲ್ಲಿ ಸೂತ್ರವನ್ನು ಮಗುವೇ ಬರೆಯಬೇಕಾಗುತ್ತದಲ್ಲ, ನನ್ನ ಆಸೆ ಇರುವುದು ಅಲ್ಲಿ. ಉದಾಹರಣೆಗೆ ದೂರ ಹೋಗಬೇಕಿಲ್ಲ. ಇದೇ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ದ. ರಾ. ಕಾಪ್ರೇಕರ್ ಅವರ 6174 ನಿಮಗೆಲ್ಲ ಗೊತ್ತು. ನಾಲ್ಕೂ ಅಂಕಿ ಒಂದೇ ಆಗಿರದ ಯಾವುದೇ ನಾಲ್ಕಂಕಿ ಸಂಖ್ಯೆ ಹಿಡಿಯಿರಿ. ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ, ಅದರಿಂದ ಏರಿಕೆಯದನ್ನು ಕಳೆಯಿರಿ. ಬಂದದ್ದಕ್ಕೂ ಹಾಗೇ ಮಾಡುತ್ತ ಹೋದರೆ ಏಳು ಹೆಜ್ಜೆಯೊಳಗೆ 6174.

ಇದನ್ನು ಕೋಷ್ಟಕಕ್ಕೆ ಕಲಿಸಲು ಹೊರಟ ಮಗುವಿಗೆ ಮೊದಲ ತೊಡಕು, ಸಂಖ್ಯೆಯಿಂದ ಅಂಕಿ ಬಿಡಿಸುವುದು. ಸಾವಿರದ ಸ್ಥಾನ ಬೇಕೆಂದರೆ 1000ದಿಂದ ಭಾಗಿಸಿ ಪೂರ್ಣಾಂಕ ಇಟ್ಟುಕೊಳ್ಳಬೇಕು. ನೂರರ ಸ್ಥಾನಕ್ಕೆ 100ರಿಂದ ಭಾಗಿಸಿ, ಬಂದ ಪೂರ್ಣಾಂಕವನ್ನು ಮತ್ತೆ 10ರಿಂದ ಭಾಗಿಸಿ ಶೇಷ ಹಿಡಿಯಬೇಕು. ಮೂರನೇ ತರಗತಿಯಲ್ಲಿ ಬಾಯಿಪಾಠವಾಗಿದ್ದ ಸ್ಥಾನಬೆಲೆ ಈಗ ಕೈಗೆ ಸಿಗುತ್ತದೆ. 1112 ಕೊಟ್ಟು ನೋಡಿ. ಮೊದಲ ವ್ಯವಕಲನದಲ್ಲಿ 999 ಬರುತ್ತದೆ. ಕಾಗದದ ಮೇಲೆ ಮಾಡುವ ಹುಡುಗ 999ರಿಂದ 999 ಕಳೆದು ಸೊನ್ನೆಗೆ ಬಂದು ನಿಲ್ಲುತ್ತಾನೆ. ಕೋಷ್ಟಕವೋ ಸಾವಿರದ ಮನೆಯಲ್ಲಿ ಸೊನ್ನೆ ಕೂರಿಸಿ 8991, 8082, 8532 ಎಂದು ನಡೆದು 6174 ಮುಟ್ಟುತ್ತದೆ. ಆ ಸೊನ್ನೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಮೇಲೆ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಒಳ್ಳೆಯದು!

ಯಂತ್ರ ಹೇಳಿದ್ದೆಲ್ಲ ಸತ್ಯವಲ್ಲ ಎಂಬುದನ್ನೂ ಅದರಿಂದಲೇ ಕಲಿಸಬಹುದು. ಎಕ್ಸೆಲ್ ಇಂದಿಗೂ 1900ರ ಫೆಬ್ರವರಿ 29ನ್ನು ದಿನಾಂಕವೆಂದು ಒಪ್ಪುತ್ತದೆ. ಆ ವರ್ಷ ಅಧಿಕ ವರ್ಷವೇ ಅಲ್ಲ. ಲೋಟಸ್ 1-2-3 ಎಂಬ ಹಳೆಯ ಕೋಷ್ಟಕ ತಂತ್ರಾಂಶಕ್ಕೆ ಹೊಂದಿಕೊಳ್ಳಲು ಉಳಿಸಿಕೊಂಡ ತಪ್ಪು ಅದು.

ಎಲ್ಲ ಶಾಲೆಗಳಲ್ಲೂ ಲ್ಯಾಬ್ ಇಲ್ಲ, ನಿಜ. ಹಣ ಕೊಡದೆ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ಹಾಕಿದ ಒಂದೇ ಕಂಪ್ಯೂಟರ್ ಇದ್ದರೂ ಶುರುಮಾಡಬಹುದು. ಇಂದಿನ ಗೋಷ್ಠಿಗಳಲ್ಲಿ ಪಾಠ ಮಾಡಿ ತೋರಿಸಲಿರುವವರಲ್ಲಿ ನನ್ನದೊಂದೇ ಕೋರಿಕೆ: ಎಂಟರ್ ಒತ್ತುವ ಮೊದಲು ಉತ್ತರ ಎಷ್ಟಿರಬಹುದೆಂದು ಪ್ರತಿ ಮಗುವಿನಿಂದಲೂ ನೋಟ್‌ಬುಕ್ಕಿನಲ್ಲಿ ಬರೆಸಿ, ಮತ್ತು ಆ ಎಂಟರನ್ನು ನೀವು ಒತ್ತಬೇಡಿ.