ಐದೇ ಚಾಟ್‌ಗೆ ಫಾರ್ವರ್ಡ್: ಈ ಮಿತಿ ಬಂದದ್ದು ಯಾಕೆ?

ವಾಟ್ಸಾಪ್‌ನಲ್ಲಿ ಒಂದು ಮೆಸೇಜನ್ನು ಒಂದೇ ಸಲಕ್ಕೆ ಆರು ಕಡೆ ಫಾರ್ವರ್ಡ್ ಮಾಡಿ ನೋಡಿ. ಆಗಲ್ಲ, ಐದಕ್ಕೇ ನಿಲ್ಲುತ್ತೆ. ಯಾಕೆ ಅಂತ ಇವತ್ತು ನೋಡೋಣ.

2018ರ ಜುಲೈ. ಬೀದರ್ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಕೆಲವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ಗುಲ್ಲೆದ್ದಿತು. ಅವರು ಕಾರು ಹತ್ತಿ ಹೊರಟರೆ, ಕಾರಿಗಿಂತ ಮೊದಲೇ ವಾಟ್ಸಾಪ್ ಸುದ್ದಿ ಮುರ್ಕಿ ಗ್ರಾಮ ಮುಟ್ಟಿತ್ತು. ಜನ ಅಡ್ಡಗಟ್ಟಿ ಹೊಡೆದರು, ಒಬ್ಬ ಎಂಜಿನಿಯರ್ ಪ್ರಾಣ ಬಿಟ್ಟರು. ಆ ವರ್ಷ ದೇಶದ ಹಲವು ಕಡೆ ಹೀಗೇ ಆಯಿತು.

ತಡೆಯಿರಿ ಅಂತ ಸರ್ಕಾರ ವಾಟ್ಸಾಪ್‌ಗೆ ಹೇಳಿತು. ತೊಡಕು ಇದ್ದದ್ದು ಇಲ್ಲೇ. 2016ರಿಂದ ಮೆಸೇಜಿಗೆ ಬೀಗ ಬೀಳೋದು ಕಳಿಸಿದವರ ಫೋನಿನಲ್ಲಿ, ತೆರೆಯೋದು ಪಡೆದವರ ಫೋನಿನಲ್ಲಿ. ನಡುವೆ ಕಂಪನಿಗೂ ಓದಲು ಬರಲ್ಲ. ಓದದೆ ಸುಳ್ಳು ಯಾವುದು ಅಂತ ಹೇಗೆ ಗೊತ್ತಾಗಬೇಕು?

ಹಾಗಾಗಿ ಮೆಸೇಜಿನ ಗೊಡವೆ ಬಿಟ್ಟು ಅದರ ಓಟಕ್ಕೆ ಕಡಿವಾಣ ಹಾಕಿದರು. ಮೊದಲು ಭಾರತದಲ್ಲಿ ಐದು ಚಾಟ್‌ಗಳ ಮಿತಿ ಬಂತು; 2019ರ ಜನವರಿಯಲ್ಲಿ ಇಡೀ ಜಗತ್ತಿಗೆ. ಫಾರ್ವರ್ಡ್ ಆದ ಲೆಕ್ಕ ಮೆಸೇಜಿನ ಜೊತೆಗೇ, ಬೀಗದೊಳಗೇ ಸಾಗುತ್ತೆ. ಐದು ಕೈ ದಾಟಿ ಬಂದ ಮೆಸೇಜಿಗೆ ಜೋಡಿ ಬಾಣದ ಗುರುತು. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಇದರಿಂದ ಅಂಥ ಮೆಸೇಜುಗಳ ಓಡಾಟ ಶೇ. 70ರಷ್ಟು ಇಳಿಯಿತು ಅಂತ ಕಂಪನಿಯೇ ಹೇಳಿತು.

ಈಗ ಲೆಕ್ಕ ಹಾಕಿ. ಆಗ ಒಂದು ಗ್ರೂಪಿನಲ್ಲಿ 256 ಜನ ಇರಬಹುದಿತ್ತು. ಐದು ಗ್ರೂಪ್ ಅಂದರೆ 1,280 ಜನ! ಮಿತಿ ಇದ್ದರೂ ಸುಳ್ಳು ಹರಡುತ್ತೆ. ಆದರೆ ಪ್ರತಿ ಸಲವೂ ಮತ್ತೆ ಆರಿಸಬೇಕು, ಮತ್ತೆ ಒತ್ತಬೇಕು. ಆ ಬೇಸರದಲ್ಲೇ ಎಷ್ಟೋ ಜನ ಕೈಬಿಡುತ್ತಾರೆ. ಗುಂಪಿಗಾಗಿ ಆ್ಯಪ್ ಕಟ್ಟುವವರು ಗಮನಿಸಬೇಕಾದ್ದು ಇದೇ: ಯಾವುದು ಸಲೀಸೋ ಗುಂಪು ಅದನ್ನೇ ಮಾಡುತ್ತೆ. ಬೇಡದ ಕೆಲಸವನ್ನು ಸ್ವಲ್ಪ ಕಷ್ಟ ಮಾಡಿದರೂ ಸಾಕು, ಗುಂಪಿನ ನಡೆ ಬದಲಾಗುತ್ತೆ.

ಈ ಮಿತಿಯಲ್ಲಿ ತೂತೂ ಇದೆ. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಅಲ್ಲಿಂದಾಚೆ ಹೊಣೆ ನಮ್ಮದು. ನೀವು ಅಡ್ಮಿನ್ ಆಗಿದ್ದರೆ, ಊರಲ್ಲಿ ಗುಲ್ಲೆದ್ದ ದಿನ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಬದಲಿಸಿ. ಜೋಡಿ ಬಾಣ ಕಂಡರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಫೋನ್ ಮಾಡಿ, ಎಲ್ಲಿಂದ ಬಂತು ಅಂತ ಕೇಳಿ.